ಹಸಿರು ನಿಶಾನೆಯವರ ಸನ್ನಿಧಾನಕ್ಕೆ

ಪೂಜ್ಯ ಹಸಿರು ನಿಶಾನೆಯವರಿಗೆ,

ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು, ಖಟಕ ಚಿಂಚೋಳಿಯಿಂದ ಒಬ್ಬ ಬಡ ಪ್ರಯಾಣಿಕನ ಶರಣು ಶರಣಾರ್ಥಿ. ಇದು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ತಾವು ದೊಡ್ಡವರು. ಹಾದಿ ತಪ್ಪಿ ಅಲ್ಲಿಗೆ ಹೋಗಿಬಿಟ್ಟೀರಿ.

ಈ ಬೇಸಿಗೆ ರಜೆಯಲ್ಲಿ ನೆರೆಯ ದೇಶ ನೋಡಿಬರಬೇಕೆಂದು ನಮ್ಮ ಮನೆಯಲ್ಲಿ ಠರಾವಾಗಿದೆ. ಹೋಗುವಾಗ ಹಡಗು, ಬರುವಾಗ ವಿಮಾನ. ಮೊಮ್ಮಗ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದಿದ್ದಾನೆ: ಊರಿಂದ ಭಾಲ್ಕಿ, ಭಾಲ್ಕಿಯಿಂದ ಬೀದರ್, ಬೀದರ್‌ನಿಂದ ವಿಮಾನದಲ್ಲಿ ಬೆಂಗಳೂರು, ಅಲ್ಲಿಂದ ತಮಿಳುನಾಡಿನ ನಾಗಪಟ್ಟಣಂ, ನಾಗಪಟ್ಟಣಂ ಬಂದರಿನಿಂದ ಹಡಗಿನಲ್ಲಿ ಶ್ರೀಲಂಕಾದ ಕಾಂಕೇಸನ್‌ತುರೈ. ಜಾಫ್ನಾ ಸುತ್ತಿ, ಪಲಾಲಿ ವಿಮಾನ ನಿಲ್ದಾಣದಿಂದ ಚೆನ್ನೈಗೆ ಹಾರಿ ವಾಪಸು. ನಕ್ಷೆ ನೋಡಿದ ನಮ್ಮ ಮನೆಯವಳು ಒಂದೇ ಮಾತು ಕೇಳಿದಳು: "ಲಂಕಾದ ಮಾತು ಆಮ್ಯಾಗ ಇರ್ಲಿ, ಇದ್ರಾಗ ಯಾವ್ದು ನಡೀಲತದ, ಯಾವ್ದು ನಿಂತದ, ಅದನ್ನ ಮೊದ್ಲ ಕೇಳ್ರಿ."

ಯಾರನ್ನು ಕೇಳಲಿ? ಇವೆಲ್ಲವನ್ನೂ ಶುರು ಮಾಡಿದವರು ತಾವೇ ಅಲ್ಲವೇ? ಅದಕ್ಕೇ ಈ ಪತ್ರ.

ವಿದೇಶ ಪ್ರವಾಸ ನಮ್ಮ ಮನೆತನಕ್ಕೆ ಹೊಸದಲ್ಲ. ನಮ್ಮ ಅಜ್ಜನ ಕಾಲಕ್ಕೆ ಬೀದರ್ ನಿಜಾಮರ ಸಂಸ್ಥಾನದಲ್ಲಿತ್ತು, ಸೊಲ್ಲಾಪುರ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಪೇಟೆಗೆ ಹೋಗುವುದೆಂದರೆ ಗಡಿಯಲ್ಲಿ ಸುಂಕದ ಕರೋಡಗಿರಿ ನಾಕೆ ದಾಟಬೇಕು, ನಿಜಾಮರ ಹಾಲಿ ಸಿಕ್ಕಾ ಕೊಟ್ಟು ಇಂಗ್ರೇಜಿ ರೂಪಾಯಿ ಮಾಡಿಸಿಕೊಳ್ಳಬೇಕು. ಆದರೆ ಅಜ್ಜನ ಬಂಡಿಗೆ ಉದ್ಘಾಟನೆ ಇರಲಿಲ್ಲ. ಎತ್ತು ಹೂಡಿದರೆ ಹೊರಡುತ್ತಿತ್ತು.

ತಮ್ಮ ಪಾದ ನಮ್ಮ ಜಿಲ್ಲೆಗೆ ಸೋಕಿದ್ದು ಕಡಿಮೆ ಸಲವೇನಲ್ಲ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಬಂದಿರಿ. 110 ಕಿ.ಮೀ. ಹಾದಿ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. 369 ಕೋಟಿ ರೂಪಾಯಿಯ ಅಂದಾಜು 1,542 ಕೋಟಿಗೆ ಏರಿತು. ಮೊನ್ನೆ ಮೊಮ್ಮಗ ಲೆಕ್ಕ ಹಾಕಿ ಹೇಳಿದ, ನಾಗಪಟ್ಟಣಂನಿಂದ ಕಾಂಕೇಸನ್‌ತುರೈಗೂ ಸಮುದ್ರದ ಮೇಲೆ ಹೆಚ್ಚುಕಡಿಮೆ ಅಷ್ಟೇ, 60 ನಾಟಿಕಲ್ ಮೈಲು, 110 ಕಿ.ಮೀ. ಅಂತೆ. ನಾಲ್ಕು ತಾಸಿನ ಹಾದಿ. ಸಮುದ್ರಕ್ಕೆ ಹಳಿ ಹಾಸುವ ಕೆಲಸವಿಲ್ಲ ನೋಡಿ!

ಇನ್ನು ವಿಮಾನ. ಬೀದರ್ ಆಕಾಶದಲ್ಲಿ ವಿಮಾನಕ್ಕೆ ಬರವೆಂದು ಯಾರೂ ಹೇಳುವಂತಿಲ್ಲ. ವಾಯುಪಡೆಯ ಹುಡುಗರು ಹಾಕ್ ವಿಮಾನದಲ್ಲಿ ಕಲಿಯುವುದು ಇಲ್ಲಿಯೇ. ಸೂರ್ಯಕಿರಣ ತಂಡದ ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದಂತೆ ಹಾರುವುದೂ ಇಲ್ಲಿಯೇ. ಒಂಬತ್ತರಲ್ಲಿ ಒಂದಕ್ಕೂ ಟಿಕೆಟ್ ಸಿಗುವುದಿಲ್ಲ, ಅಷ್ಟೇ. ನಾಗರಿಕ ವಿಮಾನಕ್ಕೆಂದು ಕಟ್ಟಿದ ಟರ್ಮಿನಲ್ ವರ್ಷಗಟ್ಟಲೆ ಬೀಗ ಹಾಕಿಸಿಕೊಂಡು ಕೂತಿತ್ತು. ಹೈದರಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ ಸುತ್ತಲಿನ 150 ಕಿ.ಮೀ.ಯೊಳಗೆ ಬೇರೆ ನಿಲ್ದಾಣ ಕೂಡದೆಂಬ ಒಂದು ಗೀಟಿತ್ತು, ನಾವು ಅದರೊಳಗೆ ಸಿಕ್ಕಿದ್ದೆವು. ಲಕ್ಷ್ಮಣ ಎಳೆದ ಗೀಟು ದಾಟಿ ಸೀತೆ ಲಂಕೆಗೆ ಹೋಗುವಂತಾಯಿತು. ಈ ಗೀಟಿನಿಂದ ನಾವು ಬೆಂಗಳೂರಿಗೂ ಹೋಗದಂತಾದೆವು. ಕಡೆಗೆ 2020ರ ಫೆಬ್ರುವರಿ 7ರಂದು ತಾವು ಬಂದಿರಿ, ವಿಮಾನ ಹಾರಿತು. ಆಮೇಲೆ ನಿಂತಿತು. 2022ರಲ್ಲಿ ಮತ್ತೆ ಹಾರಿತು. 2023 ಮುಗಿಯುವಷ್ಟರಲ್ಲಿ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹಾರಿತು. ಮೊದಲು ಹಾರಿಸಿದ ಯೋಜನೆಯ ಹೆಸರು 'ಉಡಾನ್'. ನಮ್ಮೂರ ಹುಂಜವೂ ಹೀಗೇ, ಹಾರುತ್ತದೆ, ತಿಪ್ಪೆಯ ಮೇಲೆ ಕೂರುತ್ತದೆ, ಮತ್ತೆ ಹಾರುತ್ತದೆ.

ಹಡಗಿನ ಕಥೆ ಇನ್ನೂ ರಸವತ್ತಾಗಿದೆ. 2011ರ ಜೂನ್‌ನಲ್ಲಿ ತೂತ್ತುಕುಡಿ–ಕೊಲಂಬೊ ಹಡಗು ಹೊರಟಿತು, ನವೆಂಬರ್ ಹೊತ್ತಿಗೆ ನಿಂತಿತು. 2023ರ ಅಕ್ಟೋಬರ್ 14ರಂದು ನಾಗಪಟ್ಟಣಂ ಹಡಗಿಗೆ ವಿಡಿಯೊ ಮೂಲಕವೇ ಚಾಲನೆ. ಮೊದಲ ದಿನದ ಟಿಕೆಟ್ ಸುಮಾರು 2,800 ರೂಪಾಯಿ, ಆಮೇಲೆ ಜಿಎಸ್‌ಟಿ ಸೇರಿ 7,670. ವಾರ ತುಂಬುವುದರೊಳಗೆ ಸೇವೆ ಬಂದ್. ಕಾರಣ, ಹಿಂಗಾರು ಮಳೆ. ನಮ್ಮೂರಲ್ಲಿ ಅಕ್ಷರ ಬಾರದ ಒಕ್ಕಲಿಗನೂ ಮಿರಗದ ಮೋಡ ನೋಡದೆ ಕೂರಿಗೆ ಹೂಡುವುದಿಲ್ಲ. ಅಕ್ಟೋಬರ್‌ನಲ್ಲಿ ಪಾಕ್ ಜಲಸಂಧಿಗೆ ಮಳೆಗಾಲ ಬರುತ್ತದೆಂದು ಸಮುದ್ರಕ್ಕೆ ಮೊದಲಿನಿಂದಲೂ ಗೊತ್ತಿತ್ತು. ಮುಹೂರ್ತ ಇಟ್ಟವರು ಯಾವ ಪಂಚಾಂಗ ನೋಡಿದರೋ? 2024ರ ಆಗಸ್ಟ್ 16ರಂದು ಹೊಸ ಹಡಗು ಬಂತು. ಹಿಂಗಾರಿಗೆ ಮತ್ತೆ ವಿಶ್ರಾಂತಿ, 2025ರ ಫೆಬ್ರುವರಿಯಲ್ಲಿ ಮತ್ತೆ ಓಡಾಟ. ಪಲಾಲಿಯ ವಿಮಾನವೇನು ಕಡಿಮೆಯೇ? 2019ರಲ್ಲಿ ಶುರು, ಕೊರೊನಾದಲ್ಲಿ ಬಂದ್, 2022ರ ಡಿಸೆಂಬರ್‌ನಲ್ಲಿ ಪುನಃ ಶುರು.

ಇಂಥ ಪ್ರಯಾಣ ಹಿಂದೆ ಇರಲೇ ಇಲ್ಲವೆಂದರೆ ಸಹಿಸಬಹುದಿತ್ತು. 1914ರಿಂದ ಮದರಾಸಿನಲ್ಲಿ ಬೋಟ್ ಮೇಲ್ ರೈಲು ಹತ್ತಿದವರು ಧನುಷ್ಕೋಟಿಯಲ್ಲಿ ಇಳಿದು ಹಡಗು ಏರುತ್ತಿದ್ದರು, ತಲೈಮನ್ನಾರ್‌ನಲ್ಲಿ ಇಳಿದು ಮತ್ತೆ ರೈಲಿನಲ್ಲಿ ಕೊಲಂಬೊ ಸೇರುತ್ತಿದ್ದರು. ಧನುಷ್ಕೋಟಿಯ ಹಡಗನ್ನು ನಿಲ್ಲಿಸಲು 1964ರ ಡಿಸೆಂಬರ್‌ನಲ್ಲಿ ಚಂಡಮಾರುತವೇ ಬರಬೇಕಾಯಿತು. ಆಮೇಲೂ ರಾಮೇಶ್ವರದಿಂದ ಹಡಗು ಓಡಿತು. ಅದನ್ನು ನಿಲ್ಲಿಸಲು ಶ್ರೀಲಂಕಾದಲ್ಲಿ ಅಂತರ್ಯುದ್ಧವೇ ಹುಟ್ಟಬೇಕಾಯಿತು. ಈಗ ಅಷ್ಟು ದೊಡ್ಡ ಕಾರಣಗಳು ಬೇಕಿಲ್ಲ.

ತಮ್ಮ ಮೇಲೆ ದೂರಲ್ಲ ಇದು. ಬೀಸಿದವರ ಕೈಯಲ್ಲಿ ಆಡುವುದಷ್ಟೇ ತಮ್ಮ ಕೆಲಸ. ನನ್ನ ಕೋರಿಕೆ ಬೇರೆ. ಶುರುವಾಗುವಾಗ ಶಾಮಿಯಾನ, ಶಾಲು, ಹಾರ, ಶಿಲಾಫಲಕ ಎಲ್ಲವೂ ಉಂಟು. ನಿಲ್ಲುವಾಗ ಮಾತ್ರ ಒಂದು ಸೂಚನಾ ಫಲಕವೂ ಇಲ್ಲ. ಇನ್ನು ಮುಂದೆ ಸೇವೆ ನಿಲ್ಲಿಸುವುದಕ್ಕೂ ಒಂದು ಸಮಾರಂಭ ಏರ್ಪಡಿಸಬೇಕು. ತಮ್ಮ ತಮ್ಮನಾದ ಕೆಂಪು ನಿಶಾನೆಯವರನ್ನು ಕರೆಸಿ, ಶುರು ಮಾಡಿದ ಅದೇ ಗಣ್ಯರನ್ನು ಅದೇ ವೇದಿಕೆಗೆ ಕೂರಿಸಿ, ಯಾಕೆ ನಿಂತಿತು, ಮತ್ತೆ ಯಾವ ತಾರೀಖಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳಿಸಬೇಕು. ಅದಕ್ಕೂ ಒಂದು ಕಲ್ಲು ನೆಡಬೇಕು. ಆಗ ಬೀಸುವ ಮೊದಲು ಎರಡು ಸಲ ಯೋಚಿಸುತ್ತಾರೆ. ನಮಗೂ ಚೀಲ ಕಟ್ಟಬೇಕೋ ಬಿಚ್ಚಬೇಕೋ ತಿಳಿಯುತ್ತದೆ.

ಇತಿ ತಮ್ಮ ವಿಧೇಯ,
ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದ ಖಟಕ ಚಿಂಚೋಳಿಯವ

ವಿ.ಸೂ.: ಹಾದಿಗೆಂದು ಮನೆಯಲ್ಲಿ ಕಡಕ್ ರೊಟ್ಟಿ ಬಡಿದಾಗಿದೆ, ಶೇಂಗಾ ಹಿಂಡಿ ಕುಟ್ಟಿಯಾಗಿದೆ. ರೊಟ್ಟಿ ಒಂದು ತಿಂಗಳು ತಾಳುತ್ತದೆ. ತಮ್ಮ ಸೇವೆ ಎಷ್ಟು ದಿನ ತಾಳುತ್ತದೆಂದು ವಾಪಸು ಅಂಚೆಗೆ ತಿಳಿಸಬೇಕಾಗಿ ವಿನಂತಿ.