ಆಫ್ ಮಾಡಿ ಆನ್ ಮಾಡುವ ಶಾಸ್ತ್ರ

ಮಲೆ ಮಹದೇಶ್ವರ ಬೆಟ್ಟವನ್ನು ದಾಟಿ ಮೆಟ್ಟೂರಿನ ಕಡೆಗೆ ಇಳಿಯುವ ಹಾದಿಯಲ್ಲಿ, ಕನ್ನಡದ ಸೀಮೆ ಮುಗಿದು ತಮಿಳಿನ ಸೀಮೆ ಮೊದಲಾಗುವ ಪಾಲಾರಿನ ಆಸುಪಾಸಿನಲ್ಲಿಯೂ, ಮನುಷ್ಯನ ಮನಶ್ಶಾಂತಿಯು ಗೋಡೆಯ ಮೊಳೆಗೆ ತೂಗುಹಾಕಿದ ಅಂಗೈಯಗಲದ ಪೆಟ್ಟಿಗೆಯೊಂದರ ಹಸುರು ದೀಪವನ್ನು ಆಶ್ರಯಿಸಿಕೊಂಡಿರುವ ಕಾಲ ಬಂದೊದಗಿದೆ. ಪಹಣಿ ಬೇಕಾದರೂ ಆ ದೀಪ ಉರಿಯತಕ್ಕದ್ದು. ಉರಿಯದಿದ್ದಲ್ಲಿ ದೊರೆಯುವ ಉತ್ತರ ಒಂದೇ: ‘ಸರ್ವರ್ ಡೌನು ಸಾ’. ಎಲ್ಲಿಯೋ ದೂರದಲ್ಲಿ ನಿಷ್ಠೆಯಿಂದ ದುಡಿಯುತ್ತಿರುವ ಸರ್ವರಿನ ಮೇಲೆ, ಕಣ್ಣೆದುರಿನ ರೂಟರಿನ ಮೂರ್ಛೆಯ ಅಪವಾದವನ್ನು ಹೊರಿಸುವುದು ಲೋಕರೂಢಿಯಾಗಿದೆ.

ಇನ್ನು ಮೂರ್ಛೆಗೆ ಕಾರಣವೋ, ಬಹುಮಟ್ಟಿಗೆ ಕರೆಂಟು. ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳವರೆಗೆ ನಡೆದುಹೋದ ವಿದ್ಯುಚ್ಛಕ್ತಿಗೆ, ಈ ಬೆಟ್ಟವನ್ನು ಹತ್ತುವಾಗ ಮಾತ್ರ ಏದುಸಿರು ಬರುವುದು.

ಹನೂರು ಸೀಮೆಯ ಕಚೇರಿಯೊಂದರ ಬೆಂಚಿನ ಮೇಲೆ ನಾನು ಸರದಿ ಕಾಯುತ್ತಿದ್ದಾಗ, ಅಲ್ಲಿಯ ಹುಡುಗನು ‘ಉಘೇ ಮಾದಪ್ಪ’ ಎಂದು ಭಕ್ತಿಪೂರ್ವಕವಾಗಿ ಮೂರ್ಛೆಹೋದ ರೂಟರಿನ ವಯರನ್ನು ಕಿತ್ತು, ಉಚ್ಚಾರಣೆ ಮುಗಿಯುವುದರೊಳಗೆ ಮರಳಿ ಚುಚ್ಚಿಬಿಟ್ಟನು. ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ವಿರಾಮದಲ್ಲಿ. ಪೆಟ್ಟಿಗೆಯೊಳಗಿನ ಕೆಪಾಸಿಟರುಗಳಲ್ಲಿ ಉಳಿದಿರುವ ವಿದ್ಯುತ್ತು ಇಳಿದುಹೋಗುವವರೆಗೆ, ಅರ್ಧ ನಿಮಿಷವಾದರೂ, ಕೈಕಟ್ಟಿಕೊಂಡು ನಿಲ್ಲಬೇಕು. ಅನಂತರ ಮೊದಲು ಫೈಬರಿನ ಡಬ್ಬಿಗೆ ಕರೆಂಟು ಕೊಟ್ಟು, ಅದರ ದೀಪಗಳು ಮಿನುಗುವುದನ್ನು ಬಿಟ್ಟು ಸ್ಥಿರವಾದ ಮೇಲೆ ರೂಟರಿನದು. ಹಿಟ್ಟು ಬೇಯುವ ಮೊದಲೇ ಕೋಲಾಡಿಸಿದರೆ ಮುದ್ದೆ ಗಂಟಾಗುವುದೆಂದು ಬಲ್ಲ ನಾಡಿಗೆ ಇದನ್ನು ವಿವರಿಸಬೇಕಾಗಿ ಬಂದುದೇ ಸೋಜಿಗ.

ಅಷ್ಟರಲ್ಲಿ ಹಿರಿಯರೊಬ್ಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ‘ಹಿಂದ್ಗಡೆ ಒಂದ್ ತೂತದೆ ಕಣ್ಲಾ, ಪಿನ್ ಹಾಕಿ ಅದುಮ್ಬುಡು’ ಎಂದರು. ನನ್ನ ಎದೆ ಝಲ್ಲೆಂದಿತು. ಆ ಸೂಕ್ಷ್ಮರಂಧ್ರದೊಳಗಿನ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದರೆ ಯಂತ್ರವು ಏಳುವುದು ನಿಜ. ಆದರೆ ಯೂಸರ್‌ನೇಮು, ಪಾಸ್‌ವರ್ಡುಗಳನ್ನೆಲ್ಲ ಮರೆತು, ಕಾರ್ಖಾನೆಯಿಂದ ಹೊರಟ ದಿನದ ನಿಷ್ಕಪಟ ಶೈಶವದಲ್ಲಿ ಏಳುವುದು. ಪುಣ್ಯವಶಾತ್ ಪಿನ್ನು ಸಿಕ್ಕಲಿಲ್ಲ.

ಮೂರ್ಛೆಯಿಂದ ಏಳುವಾಗಿನ ಈ ತೊಡಕು ನಮ್ಮ ಸೀಮೆಗಷ್ಟೇ ಸೀಮಿತವೆಂದು ಯಾರೂ ಭಾವಿಸಬಾರದು. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿಯ ದೂರವಾಣಿ ಜಾಲದಲ್ಲಿ ನ್ಯೂಯಾರ್ಕಿನ ಸ್ವಿಚ್ಚೊಂದು ತಾನೇ ಮೂರ್ಛೆ ತಿಳಿದೆದ್ದು, ‘ನಾನು ಎದ್ದೆ’ ಎಂದು ನೆರೆಯವುಗಳಿಗೆ ಸುದ್ದಿ ಕಳುಹಿಸಿತು. ತಂತ್ರಾಂಶದ ದೋಷದಿಂದ ಆ ಸುದ್ದಿ ಕೇಳಿದವುಗಳು ಬಿದ್ದವು, ಅವು ಎದ್ದು ಹೇಳಿದಾಗ ಮತ್ತಷ್ಟು ಬಿದ್ದವು. ಹೀಗೆ 114 ಸ್ವಿಚ್ಚುಗಳು ಒಂದನ್ನೊಂದು ಬೀಳಿಸುತ್ತ ಸುಮಾರು 9 ಗಂಟೆ ಕಳೆದವು. 2021ರ ಅಕ್ಟೋಬರ್ 4ರಂದು ತಪ್ಪು ಆದೇಶವೊಂದರಿಂದ ಫೇಸ್‌ಬುಕ್ಕಿನ ಜಾಲವೆಲ್ಲ ಕಡಿದುಹೋದಾಗ, ಅದನ್ನು ಸರಿಪಡಿಸಿದವರು ಎಲ್ಲವನ್ನೂ ಒಮ್ಮೆಗೇ ಎಬ್ಬಿಸಿದರೆ ವಿದ್ಯುತ್ತಿನ ಹೊರೆ ಉಕ್ಕೀತೆಂದು ಮೆಲ್ಲಮೆಲ್ಲನೆ ಎಬ್ಬಿಸಿದರು. ಅಲ್ಲಿ ಕೋಟ್ಯಂತರ ಜನ ಕಾಯುತ್ತಿದ್ದರು. ಇಲ್ಲಿ ಬೆಂಚಿನ ಮೇಲೆ ನಾವು ನಾಲ್ವರು.

ಫೈಬರಿನ ಡಬ್ಬಿಯ ಮೇಲೆ ಎಲ್ ಓ ಎಸ್ ಎಂದು ಬರೆದಿರುವಲ್ಲಿ ಕೆಂಪು ದೀಪ ಹೊತ್ತಿದ್ದರೆ ಮಾತ್ರ ಯಾವ ಶಾಸ್ತ್ರವೂ ಫಲಿಸದು. ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲವೆಂದು ಅದರ ಅರ್ಥ. ರಸ್ತೆ ಅಗೆಯುವ ಜೆಸಿಬಿಯೋ, ಉರುಳಿದ ಮರವೋ ಕೇಬಲ್ಲನ್ನು ಕಡಿದಿರಬೇಕು. ಆಗ ಪೆಟ್ಟಿಗೆಯನ್ನು ಪೀಡಿಸದೆ ಲೈನಿನವರಿಗೆ ಫೋನು ಮಾಡಿರಿ. ಪಾಸ್‌ವರ್ಡನ್ನು ಇಂದೇ ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿರಿ. ಮತ್ತು ಹಿರಿಯರ ಕೈಗೆಟಕುವಲ್ಲಿ ಪಿನ್ನುಗಳನ್ನು ಇಡಬೇಡಿರಿ.