100ರ ಫಲಕದವರಿಗೊಂದು ಅರ್ಜಿ

ಇವರಿಗೆ,
ಶ್ರೀಯುತ 100ರ ವೇಗಮಿತಿ ಫಲಕದವರು,
ಬೆಂಗಳೂರು–ಮೈಸೂರು ಹೆದ್ದಾರಿ (ರಾ.ಹೆ. 275)

ವಿಷಯ: ತಮ್ಮ ಕಿರಿಯ ಸೋದರ 30ರವರನ್ನು ಸರ್ವಿಸ್ ರಸ್ತೆಗೆ ನಿಯೋಜಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸರ್ವಿಸ್ ರಸ್ತೆಯ ಜನ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೇಲಿನ ರಸ್ತೆಯಲ್ಲಿ ತಾವು ಮಾಡಿರುವ ಕೆಲಸ ಕೆಳಗಿನವರ ಕಣ್ಣಿಗೂ ಬಿದ್ದಿದೆ.

2023ರ ಮಾರ್ಚ್ 12ರಂದು ಪ್ರಧಾನಿಯವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಬಂದು ಹೆದ್ದಾರಿ ಉದ್ಘಾಟಿಸಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮೂರು ಗಂಟೆಯ ದಾರಿ ಇನ್ನು ಬರೀ 75 ನಿಮಿಷ! ದಾರಿ ಸುಮಾರು 118 ಕಿಲೋಮೀಟರು. ಭಾಗಿಸಿ ನೋಡಿದರೆ ಗಂಟೆಗೆ 94 ಕಿ.ಮೀ. ಸರಾಸರಿ. ಅಂದರೆ ಟೋಲಿಗೂ ನಿಲ್ಲುವಂತಿಲ್ಲ, ಕಾಫಿಗೂ ಇಳಿಯುವಂತಿಲ್ಲ, ಮಗು ಅತ್ತರೂ ತಿರುಗಿ ನೋಡುವಂತಿಲ್ಲ. ಮದ್ದೂರು ವಡೆಯನ್ನಂತೂ ಬೈಪಾಸಿನ ಮೇಲಿಂದಲೇ ನೆನೆಸಿಕೊಳ್ಳಬೇಕು. ಇಷ್ಟೆಲ್ಲ ತ್ಯಾಗ ಮಾಡಿದ ಸವಾರ 140ರಲ್ಲಿ ಓಡಿಸಿದರೆ ಅವನೊಬ್ಬನನ್ನೇ ಬಯ್ಯುವುದು ನ್ಯಾಯವಲ್ಲ. ಲೆಕ್ಕ ಕೊಟ್ಟವರು ಬೇರೆ.

ಪೊಲೀಸರ ಲೆಕ್ಕದಲ್ಲಿ ಆ ಮೇ ತಿಂಗಳು ಸತ್ತವರು 29 ಜನ, ಜೂನ್‌ನಲ್ಲಿ 28. ಜುಲೈನಲ್ಲಿ ರಾಡಾರ್ ಗನ್ ಹಿಡಿದು ಪೊಲೀಸರು ತಮ್ಮ ಪಕ್ಕ ನಿಂತರು. ಸಾವು 8ಕ್ಕೆ ಇಳಿಯಿತು. ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಹಾಕಿದ್ದು ಆಗಸ್ಟ್ 1ಕ್ಕೆ. ಹಾಗಾಗಿ ಜುಲೈನ ಇಳಿಕೆಯ ಕೀರ್ತಿಯಲ್ಲಿ ಆ ನಿಷೇಧಕ್ಕೆ ಪಾಲಿಲ್ಲ. ಅದು ತಮಗೂ ಗನ್ನಿಗೂ ಸೇರಬೇಕು. ಗನ್ನಿಲ್ಲದ ದಿನಗಳಲ್ಲಿ ತಮ್ಮ ಮರ್ಯಾದೆ ಎಷ್ಟಿತ್ತೆಂಬುದನ್ನು ಇಲ್ಲಿ ಕೆದಕುವುದಿಲ್ಲ.

ಹಾಗೆ ಹೊರಬಿದ್ದ ಬೈಕು, ಟ್ರ್ಯಾಕ್ಟರು, ಎತ್ತಿನಗಾಡಿ ಎಲ್ಲ ಈಗ ಸರ್ವಿಸ್ ರಸ್ತೆಯಲ್ಲಿವೆ. ಅಲ್ಲಿಗೇ ಟೋಲ್ ಉಳಿಸಲು ಹೊರಟ ಕಾರುಗಳೂ ಬರುತ್ತವೆ. ಟೋಲ್ ಉಳಿಸಿದರೂ ಹೊತ್ತು ಕಳೆದುಕೊಳ್ಳಲು ಅವು ತಯಾರಿಲ್ಲ. ಮೇಲೆ ಕ್ಯಾಮೆರಾ ಕಂಡರೆ ಹಸುವಿನಂತಿರುವ ಗಾಡಿ ಕೆಳಗಿಳಿದ ಕೂಡಲೇ ಹೋರಿಯಾಗುತ್ತದೆ.

ರಸ್ತೆಯಂಚಿನಲ್ಲಿ ಹುಲ್ಲಿನ ಹೊರೆ ಹೊತ್ತು ನಿಂತ ಅಜ್ಜಿಯನ್ನು ನೋಡಿ. ಹೊರೆಯಿಂದಾಗಿ ಕತ್ತು ಪೂರ್ತಿ ತಿರುಗುವುದಿಲ್ಲ; ಮೊದಲು ಒಂದು ಕಿವಿ, ಆಮೇಲೆ ಅರ್ಧ ಕಣ್ಣು. ಆಚೆ ದಡ ಸೇರಲು ಆಕೆಗೆ ಎಂಟು ಸೆಕೆಂಡು ಬೇಕೆಂದಿಟ್ಟುಕೊಳ್ಳಿ. ಅಷ್ಟರಲ್ಲಿ 60ರ ಕಾರು 133 ಮೀಟರು ಬಂದಿರುತ್ತದೆ. ಆಕೆ ಹೆಜ್ಜೆ ಇಟ್ಟಾಗ ಅದು ತಿರುವಿನಾಚೆ ಎಲ್ಲೋ ಇತ್ತು, ಕಂಡಿರಲೇ ಇಲ್ಲ. 30ರಲ್ಲಿ ಬಂದಿದ್ದರೆ 67 ಮೀಟರು. ಅಷ್ಟು ದೂರ ಅಜ್ಜಿಯ ಅರ್ಧ ಕಣ್ಣಿಗೂ ಕಾಣುತ್ತದೆ.

ಕಾನೂನು ಅಜ್ಜಿಯನ್ನು ಕೇಳಿಲ್ಲ. 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆ ಹೆದ್ದಾರಿಯಲ್ಲದ ಇತರ ರಸ್ತೆಗಳಲ್ಲಿ ಕಾರಿಗೆ 70, ಬೈಕಿಗೆ 60 ಎಂದಿದೆ. ಬೇರೆ ಫಲಕ ಇಲ್ಲದಿದ್ದರೆ ಅದೇ ಗರಿಷ್ಠ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಒಂದು ಬಾಗಿಲು ತೆರೆದಿಟ್ಟಿದೆ: ಜನರ ಸುರಕ್ಷತೆಗಾಗಿ ರಾಜ್ಯ ಸರ್ಕಾರವೋ ಅದು ಅಧಿಕಾರ ಕೊಟ್ಟವರೋ ಮಿತಿ ಇಳಿಸಿ ಫಲಕ ನೆಡಬಹುದು. ದೆಹಲಿಗೆ ಹೋಗಬೇಕಿಲ್ಲ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಜಾಗತಿಕ ಸಮ್ಮೇಳನದ ಘೋಷಣೆಯೂ ನಡೆಯುವವರು, ಸೈಕಲ್ಲಿನವರು, ವಾಹನಗಳು ಒಟ್ಟಿಗೆ ಬೆರೆಯುವ ಕಡೆ 30 ಸಾಕು ಎಂದಿತು. ಸ್ಟಾಕ್‌ಹೋಮಿನವರಿಗೆ ಕಬ್ಬಿನ ಗಾಡಿ ಗೊತ್ತಿರಲಿಕ್ಕಿಲ್ಲ, ಆದರೂ ಹೇಳಿದ್ದು ಅದನ್ನೇ.

ಹೊತ್ತು ಹಾಳು ಎಂಬ ಆಕ್ಷೇಪ ಬಂದೇ ಬರುತ್ತದೆ. ಊರೊಳಗಿನ ತುಂಡು 800 ಮೀಟರೆಂದರೆ 60ರಲ್ಲಿ 48 ಸೆಕೆಂಡು, 30ರಲ್ಲಿ 96. ಕಳೆದುಹೋಗುವುದು 48 ಸೆಕೆಂಡು. ಅದಕ್ಕಾಗಿ ಹಾರನ್ ಒತ್ತುವವರೇ ಮುಂದಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿಗೆ ಅರ್ಧ ಗಂಟೆ ತಾಳ್ಮೆಯಿಂದ ಕಾಯುತ್ತಾರೆ.

ಫಲಕ ಬಾರದ ಕಡೆ ಊರವರೇ ಹಂಪು ಹಾಕಿಕೊಳ್ಳುವುದು ಈ ನಾಡಿನ ರೂಢಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪಿನ ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು. 25ರ ವೇಗದಲ್ಲಿ ಮೆಲ್ಲಗೆ ಹತ್ತಿಳಿಯುವಂಥದ್ದು. ಊರವರ ಹಂಪೋ ಯಾರದೋ ಮನೆಯ ತಾರಸಿಗೆ ಕಲಸಿ ಮಿಕ್ಕ ಕಾಂಕ್ರೀಟು. ಅಳತೆ, ಮೇಸ್ತ್ರಿಯ ಸಿಟ್ಟಿನಷ್ಟು. ಬಣ್ಣವಿಲ್ಲ, ರಾತ್ರಿ ಕಾಣುವುದಿಲ್ಲ. ಕಾರಿನ ತಳ ಕೆರೆಯುತ್ತದೆ, ಬೈಕಿನವನನ್ನು ಬೀಳಿಸುತ್ತದೆ. ಇಂಥ ಹಂಪಿನ ಬದಲು ಒಂದು ಕಂಬ, ಒಂದು ತಗಡು, ಕೆಂಪು ಅಂಚು, ನಡುವೆ ಎರಡಂಕಿ. ಅದರ ಹಿಂದೆ ಆಗೀಗ ಒಬ್ಬ ಪೊಲೀಸಪ್ಪ. ಕೇಳುತ್ತಿರುವುದು ಇಷ್ಟೇ.

ತಾವು ಹಿರಿಯರು, ಕ್ಯಾಮೆರಾಗಳ ಸಾಮೀಪ್ಯವುಳ್ಳವರು. ಸಂಬಂಧಪಟ್ಟವರ ಕಿವಿಗೆ ಹಾಕಿ ತಮ್ಮ ಸೋದರರನ್ನು ಕಳಿಸಿಕೊಡಬೇಕೆಂದು ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿಗಳು,
ಸರ್ವಿಸ್ ರಸ್ತೆಯ ಬಳಕೆದಾರರು

ವಿ.ಸೂ.: ಕಬ್ಬು ಅರೆಯುವ ಹಂಗಾಮು ಶುರುವಾದರೆ ಹಿಂದೀಪವಿಲ್ಲದ ಟ್ರೈಲರುಗಳು ಕತ್ತಲಲ್ಲಿ ಇದೇ ರಸ್ತೆಗೆ ಇಳಿಯುತ್ತವೆ. ಅಷ್ಟರೊಳಗೆ ಕಂಬ ನೆಟ್ಟರೆ ಉಪಕಾರ.