ತಲೆ ತಗ್ಗಿಸುವ ಕನ್ನಡಿ

ಹಳೆಯ ಬುಲೆಟ್ಟಿನ ಕನ್ನಡಿಗಳದು ಸಂಕೋಚದ ಸ್ವಭಾವ. ಕೊಟ್ಟಿಗೆಹಾರದಲ್ಲಿ ನೀರ್ದೋಸೆ ಮುಗಿಸಿ ಚಾರ್ಮಾಡಿ ಘಾಟಿ ಇಳಿಯಲು ಹೊರಟಾಗ ನನ್ನ ಬಲಗನ್ನಡಿಯಲ್ಲಿ ಹಿಂದಿನ ರಸ್ತೆ, ರಸ್ತೆ ಮೇಲಿನ ಮಂಜು, ಮಂಜಿನೊಳಗಿನ ಲಾರಿ ಎಲ್ಲವೂ ಇರುತ್ತವೆ. ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಲಾರಿ ಹೋಗಿ ನನ್ನ ಮೊಣಕೈ ಬಂದಿರುತ್ತದೆ. ಇನ್ನಷ್ಟು ಇಳಿದರೆ ಹೊಟ್ಟೆ. ಉಜಿರೆ ಮುಟ್ಟುವಾಗ ಅದು ಪೂರ್ತಿ ತಲೆ ತಗ್ಗಿಸಿ ಪೆಟ್ರೋಲ್ ಟ್ಯಾಂಕಿನ ಮೇಲೆ ದೃಷ್ಟಿ ನೆಟ್ಟು ಕೂತಿರುತ್ತದೆ. ಅಂಗೈ ಹುಣ್ಣಿಗೇ ಕನ್ನಡಿ ಬೇಡವೆಂದ ಮೇಲೆ ಐವತ್ತು ದಾಟಿದವನ ಹೊಟ್ಟೆಗೆ ಖಂಡಿತ ಬೇಡ.

ಇದಕ್ಕೆ ಕಾರಣ ಕನ್ನಡಿಯ ಬೆನ್ನಿನಲ್ಲಿದೆ. ಕಂಬಿಯ ತುದಿಗೆ ಒಂದು ಗುಂಡು, ಆ ಗುಂಡನ್ನು ಹಿಡಿದುಕೊಳ್ಳಲು ಒಂದು ಬಟ್ಟಲು, ಬಟ್ಟಲು ಒತ್ತಿ ಹಿಡಿಯಲು ಸ್ಪ್ರಿಂಗು ಅಥವಾ ಸ್ಕ್ರೂ. ಕೈಯಿಂದ ತಿರುಗಿಸಿದರೆ ತಿರುಗಬೇಕು, ಗಾಳಿ ತಳ್ಳಿದರೆ ತಿರುಗಬಾರದು. ಈ ಎರಡು ಮಾತಿನ ನಡುವೆ ಎಷ್ಟು ಜಾಗವಿದೆಯೋ ಅಷ್ಟೇ ಅದರ ಬಾಳು. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಬಟ್ಟಲು ಸವೆಯುತ್ತದೆ, ಗುಂಡು ನುಣುಪಾಗುತ್ತದೆ, ಕನ್ನಡಿ ಜಾರುತ್ತದೆ. ಬಿಗಿ ಮಾಡಿಬಿಡು ಎಂದರೆ ನಮ್ಮ ಬೀದಿಯ ಮೆಕ್ಯಾನಿಕ್ ತಲೆಯಾಡಿಸುತ್ತಾನೆ. “ಟೈಟ್ ಮಾಡ್ಬೋದು ಸಾರ್, ಆಮೇಲೆ ನಿಮ್ಮ ಮಾತೂ ಕೇಳಲ್ಲ. ಜಾಸ್ತಿ ಬಲ ಹಾಕಿದ್ರೆ ಕಪ್ಪು ಬಿರಿಯುತ್ತೆ.” ಅವನ ಮದ್ದು ಹಳೆ ಸೈಕಲ್ ಟ್ಯೂಬು. ಉಗುರಿನಷ್ಟು ತುಂಡು ಕತ್ತರಿಸಿ ಬಟ್ಟಲೊಳಗೆ ಕೂರಿಸಿ ಸ್ಕ್ರೂ ತಿರುಗಿಸುತ್ತಾನೆ. ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಕನ್ನಡಿಯನ್ನು ಅಲ್ಲಾಡಿಸಿ ನೋಡುತ್ತಾನೆ. ಎಲ್ಲಿ ನಿಲ್ಲಿಸಬೇಕೆಂಬುದು ಆ ಇನ್ನೊಂದು ಕೈಗೆ ಮಾತ್ರ ಗೊತ್ತು. ಅಂಗಡಿಯಲ್ಲಿ ಸಿಗುವ ಹೊಸ ಕನ್ನಡಿಗಿಂತ ಆ ಟ್ಯೂಬಿನ ತುಂಡು ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಇದನ್ನು ಜಿಪುಣತನ ಎನ್ನುತ್ತಾರೆ.

ಕನ್ನಡಿ ನೆಟ್ಟಗೆ ನಿಂತಿತೆಂದುಕೊಳ್ಳಿ. ಆಗ ಅದು ನಡುಗಲು ಶುರು ಮಾಡುತ್ತದೆ. 346 ಸಿಸಿಯ ಒಂಟಿ ಸಿಲಿಂಡರಿನಲ್ಲಿ 70 ಮಿಲಿಮೀಟರ್ ಅಗಲದ ಪಿಸ್ಟನ್ 90 ಮಿಲಿಮೀಟರ್ ಏರಿ ಇಳಿಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ಹೊಡೆದರೆ ಪಿಸ್ಟನ್ ಸೆಕೆಂಡಿಗೆ 50 ಸಲ ಹಾರಿ ಕೂತಂತಾಯಿತು. ಕನ್ನಡಿಯ ಕಂಬಿಗೂ ತನ್ನದೇ ಒಂದು ಲಯವಿರುತ್ತದೆ. ಎರಡೂ ಲಯ ಕೂಡಿದ ವೇಗದಲ್ಲಿ ಹಿಂದಿನ ಲೋಕವೆಲ್ಲ ಕಲಸಿದ ಬಣ್ಣ. ಸ್ವಲ್ಪ ನಿಧಾನಿಸಿದರೆ ಸ್ಪಷ್ಟ. ಜೋರು ಹೋದರೂ ಸ್ಪಷ್ಟ. ಆದರೆ ಬುಲೆಟ್ಟಿನವನಿಗೆ ಹಿತವೆನಿಸುವ ವೇಗ ಯಾವಾಗಲೂ ಆ ಕಲಸುಮೇಲೋಗರದ ವೇಗವೇ ಆಗಿರುತ್ತದೆ. ಕಂಬಿಯ ಉದ್ದ ಬದಲಿಸಿದರೆ, ತಲೆಗೆ ಭಾರ ಕೂಡಿಸಿದರೆ, ಬುಡಕ್ಕೆ ರಬ್ಬರ್ ವಾಷರ್ ಹಾಕಿದರೆ ಆ ವೇಗ ಅತ್ತಿತ್ತ ಸರಿಯುತ್ತದೆ, ಮಾಯವಾಗುವುದಿಲ್ಲ. ನನ್ನ ಪದ್ಧತಿ ಸುಲಭದ್ದು: ಎಡಗೈಯ ಒಂದು ಬೆರಳನ್ನು ಕನ್ನಡಿಯ ಅಂಚಿಗೆ ಒತ್ತಿದರೆ ನಡುಕ ನಿಲ್ಲುತ್ತದೆ. ಅದು ಎಡಗನ್ನಡಿಗೆ ಮಾತ್ರ. ಬಲಗೈ ಆಕ್ಸಿಲರೇಟರ್ ಬಿಟ್ಟು ಬರುವಂತಿಲ್ಲವಲ್ಲ.

ಈ ನಡುಕದಲ್ಲಿ ನನಗೊಬ್ಬ ದೊಡ್ಡ ಜೊತೆಗಾರನಿದ್ದಾನೆ. 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ಕಾರು ಓಟ ನಡೆದಾಗ ಉಳಿದವರೆಲ್ಲ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ಕನ್ನು ಕೂರಿಸಿಕೊಂಡಿದ್ದರು. ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಹೇಳುವುದೂ ಅವನ ಕೆಲಸ. ರೇ ಹ್ಯಾರೂನ್ ಎಂಬಾತ ಮಾತ್ರ ಒಬ್ಬನೇ ಕೂತು, ಮಾರ್ಮನ್ ಕಾರಿನ ಮುಂದೊಂದು ಕನ್ನಡಿ ಕಟ್ಟಿಸಿಕೊಂಡು ಬಂದ. ಗೆದ್ದ ಕೂಡ. ಇಟ್ಟಿಗೆ ಹಾಸಿದ ಆ ಹಾದಿಯಲ್ಲಿ ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಆಮೇಲೆ ಅವನೇ ಹೇಳಿದನಂತೆ. ಕಾರಿನ ಕನ್ನಡಿಯ ಇತಿಹಾಸದ ಮೊದಮೊದಲ ಪುಟಗಳೇ ಹೀಗೆ. ನಾನಂತೂ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡೇ ಹೋಗುವವನು. “ರೀ, ಲಾರಿ” ಎಂಬ ಮೂರಕ್ಷರ ಯಾವ ವೇಗದಲ್ಲೂ ಅದುರುವುದಿಲ್ಲ.

ಬುಡ ಸಡಿಲವಾದದ್ದು ಇನ್ನೊಂದು ಜಾತಿಯ ಕಾಯಿಲೆ. ಅಲ್ಲಿ ತಲೆ ಮಾತ್ರವಲ್ಲ, ಇಡೀ ಕಂಬಿಯೇ ಗಿರ್ರನೆ ತಿರುಗುತ್ತದೆ. ಕೆಳಗಿನ ಚೆಕ್ ನಟ್ಟನ್ನು ಬಿಗಿ ಮಾಡಿದರೆ ಮುಗಿಯಿತು. ಎಷ್ಟೋ ಜನ ನಟ್ಟನ್ನು ಬಿಟ್ಟು ಕಂಬಿಯನ್ನೇ ಹಿಡಿದು ತಿರುಚಿ, ಕೂರುವ ತೂತಿನ ತ್ರೆಡ್ಡು ತಿಂದುಹಾಕುತ್ತಾರೆ. ತ್ರೆಡ್ಡಿನ ವಿಷಯದಲ್ಲಿ ಯಮಹಾದವರ ಬುದ್ಧಿಗೆ ಮೆಚ್ಚಬೇಕು. ಅವರ ಹಲವು ಬೈಕುಗಳಲ್ಲಿ ಬಲಗನ್ನಡಿಯ ತ್ರೆಡ್ಡು ಉಲ್ಟಾ. ಎದುರಿನಿಂದ ಏನಾದರೂ ಬಡಿದು ಕನ್ನಡಿ ಹಿಂದಕ್ಕೆ ಹೋದರೆ ಅದು ಬಿಚ್ಚಿಕೊಳ್ಳುವ ಕಡೆಗೇ ತಿರುಗುತ್ತದೆ, ಮುರಿಯುವ ಪ್ರಮೇಯ ಕಡಿಮೆ. ಗುಟ್ಟು ತಿಳಿಯದವರು ಬಿಚ್ಚಲು ಹೋಗಿ ಬಿಗಿ ಮಾಡುತ್ತಾ ಬೆವರುತ್ತಾರೆ.

ಇಷ್ಟೆಲ್ಲ ಸರಿಪಡಿಸಿ ಮನೆ ಮುಂದೆ ನಿಲ್ಲಿಸಿದರೆ ಕನ್ನಡಿಯ ನಿಜವಾದ ಗ್ರಾಹಕರು ಬರುತ್ತಾರೆ. ಕಾಲೇಜು ಹುಡುಗರು ತಮ್ಮ ಬೈಕಿನ ಕನ್ನಡಿಯನ್ನು ಸ್ಟೈಲಿಗೆಂದು ಕಿತ್ತಿಟ್ಟು, ತಲೆ ಬಾಚಲು ನನ್ನದಕ್ಕೆ ಬರುತ್ತಾರೆ. ಅವರ ಎತ್ತರಕ್ಕೆ ತಿರುಗಿಸಿಕೊಂಡು, ಹಾಗೇ ಬಿಟ್ಟು ಹೋಗುತ್ತಾರೆ. ಬೆಳಗ್ಗೆ ಮಡಿವಾಳ ಹಕ್ಕಿಯೊಂದು ಬಂದು ಕನ್ನಡಿಯೊಳಗಿನ ಎದುರಾಳಿಯನ್ನು ಕುಕ್ಕುತ್ತದೆ. ಅದಕ್ಕಾಗಿ ರಾತ್ರಿಯೇ ಎರಡೂ ಕನ್ನಡಿಗೆ ಹಳೆ ಕಾಲುಚೀಲ ತೊಡಿಸಬೇಕು. ಆಯುಧಪೂಜೆಗೆ ನಮ್ಮಮ್ಮ ಅದರ ಮೇಲೆ ಮೂರು ಪಟ್ಟೆ ವಿಭೂತಿ ಎಳೆದು ನಡುವೆ ಕುಂಕುಮವಿಟ್ಟು ಚೆಂಡುಹೂವಿನ ಹಾರ ಇಳಿಬಿಡುತ್ತಾರೆ. ಒರೆಸುವಂತಿಲ್ಲ, ತಾನಾಗಿಯೇ ಹೋಗಬೇಕು. ಆ ವಾರ ಹಿಂದಿನ ಜವಾಬ್ದಾರಿ ದೇವರದು. ಪೊಲೀಸರೂ ಏನೂ ಅನ್ನುವುದಿಲ್ಲ. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಮೊದಲ ತಪ್ಪಿಗೆ 500 ರೂಪಾಯಿವರೆಗೆ ದಂಡವಿದೆ ನಿಜ. ಆದರೆ ಅವರು ಕನ್ನಡಿ ಇದೆಯೋ ಇಲ್ಲವೋ ನೋಡುತ್ತಾರೆ, ಅದು ಎತ್ತ ನೋಡುತ್ತಿದೆ ಎಂದು ನೋಡುವುದಿಲ್ಲ.

ಗಾಜೇ ಒಡೆದರೆ? ಹಳೆ ಗಾಡಿಯ ಕನ್ನಡಿ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೋ ಶಿವಾಜಿನಗರದ ಗುಜರಿಗೋ ಹೋಗಬಹುದು. ನನ್ನ ಎಡಗನ್ನಡಿಯ ಗಾಜನ್ನು ಫೋಟೋ ಫ್ರೇಮಿನ ಅಂಗಡಿಯವನು ಕತ್ತರಿಸಿಕೊಟ್ಟ. ಒಡೆದ ಗಾಜಿನ ಮೇಲೆ ಮೊದಲು ಟೇಪ್ ಅಂಟಿಸಿ, ಚೂರು ಕೈಗೆ ಹತ್ತದಂತೆ ಎಬ್ಬಿಸಿ, ಹೊಸದನ್ನು ಸಿಲಿಕಾನ್ ಹಾಕಿ ಕೂರಿಸಿದ್ದಾಯಿತು. ಸಿಲಿಕಾನಿನಲ್ಲೂ ಆಯ್ಕೆ ಬೇಕು: ವಿನೆಗರ್ ವಾಸನೆ ಹೊಡೆಯುವುದನ್ನು ಹಚ್ಚಿದರೆ ಅದು ಕನ್ನಡಿಯ ಹಿಂದಿನ ಲೇಪವನ್ನು ತಿಂದು ಕಪ್ಪು ಕಲೆ ಎಬ್ಬಿಸುತ್ತದೆ.

ಈಗ ಬಲಗಡೆ ಇರುವುದು ಕಂಪನಿಯ ಉಬ್ಬುಗನ್ನಡಿ, ಎಡಗಡೆ ಫ್ರೇಮಿನವನ ಚಪ್ಪಟೆ ಕನ್ನಡಿ. ಉಬ್ಬುಗನ್ನಡಿ ಹೆಚ್ಚು ಜಾಗ ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದು ಮಾಡಿ ದೂರ ತಳ್ಳುತ್ತದೆ. ಚಪ್ಪಟೆಯದು ಇದ್ದಷ್ಟೇ ಗಾತ್ರ ತೋರಿಸುತ್ತದೆ, ಕಾಣುವುದು ಮಾತ್ರ ಕಿಟಕಿಯಷ್ಟೇ. ಹಾಗಾಗಿ ಹಿಂದೆ ಕೆಂಪು ಬಸ್ಸು ಬಂದರೆ ಬಲಗಡೆ ಅದಿನ್ನೂ ಎಲ್ಲೋ ದೂರದಲ್ಲಿರುತ್ತದೆ, ಎಡಗಡೆ ಅದರ ಬೋರ್ಡು ಆಗಲೇ ಮೂಗಿಗೆ ತಾಗುವಂತಿರುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ ಬಸ್ಸಿದೆ ಎಂದು ಲೆಕ್ಕ ಹಾಕಿ ಪಕ್ಕಕ್ಕೆ ಸರಿಯುತ್ತೇನೆ. ಅಷ್ಟರಲ್ಲಿ ಹಿಂದಿನಿಂದ ಹೆಂಡತಿಯ ಕೈ ಭುಜ ತಟ್ಟಿರುತ್ತದೆ, ಡ್ರೈವರ್ ಹಾರನ್ ಹೊಡೆದಿರುತ್ತಾನೆ, ಬಸ್ಸು ಮುಂದೆ ಹೋಗಿರುತ್ತದೆ.